ಸ್ನೇಹ ಮತ್ತು ಶಾಕ: ಅಡುಗೆಯ ಎಣ್ಣೆ-ತುಪ್ಪಗಳು ಹಾಗೂ ಡಬ್ಬಿಯ ತರಕಾರಿಗಳ ಆಹಾರಮೌಲ್ಯ ವಿಚಾರ

ಕನ್ನಡದ ‘ಎಣ್ಣೆ’ ಎಂಬ ಶಬ್ದವನ್ನು ಬಿಡಿಸಿದರೆ ‘ಎಳ್’ ಮತ್ತು ‘ನೆಯ್’ ಎಂಬ ಎರಡು ಪದಗಳು ದೊರೆಯುತ್ತವೆ. ಎಳ್ಳಿನಿಂದ ಬಂದ ನೆಯ್ ಎಣ್ಣೆಯಾಯಿತು. ಬೆಳ್ಳಗಿರುವ ನೆಯ್ ಬೆಣ್ಣೆಯಾಯಿತು. ಸಂಸ್ಕೃತದಲ್ಲಿಯೂ ಇದೇ ಕ್ರಮವುಂಟು: ತಿಲದಿಂದ ಹುಟ್ಟಿದ್ದು ತೈಲ. ಮೊದಲು ಎಳ್ಳಿನ ರಸಕ್ಕೆ ಮಾತ್ರ ಸಲ್ಲುತ್ತಿದ್ದ ಹೆಸರು ಕ್ರಮೇಣ ಶೇಂಗಾ, ಕುಸುಬೆ, ಕೊಬ್ಬರಿ ಮೊದಲಾದ ಎಲ್ಲ ಬೀಜಗಳ ಜಿಡ್ಡಿಗೂ ಹಬ್ಬಿತು. ಆಯುರ್ವೇದವು ಘೃತ, ತೈಲ, ವಸೆ, ಮಜ್ಜೆ ಎಂಬ ನಾಲ್ಕನ್ನೂ ಒಟ್ಟಾಗಿ ‘ಸ್ನೇಹ’ವೆಂದು ಕರೆದಿದೆ. ಒಣಗಿದುದನ್ನು ಮೃದುಗೊಳಿಸುವುದು, ಬಿಡಿಯಾದುದನ್ನು ಕೂಡಿಸುವುದು ಸ್ನೇಹದ ಗುಣ. ಪ್ರೀತಿಗೂ ಜಿಡ್ಡಿಗೂ ಒಂದೇ ಶಬ್ದವನ್ನು ಬಳಸಿದ ಹಿರಿಯರ ದೃಷ್ಟಿ ಸೂಕ್ಷ್ಮವಾದುದು.

ತರಕಾರಿಗೆ ಶಾಸ್ತ್ರದ ಹೆಸರು ‘ಶಾಕ’. ಎಲೆ, ಹೂವು, ಕಾಯಿ, ದಂಟು, ಗೆಡ್ಡೆ, ಅಣಬೆ ಎಂದು ಶಾಕವು ಆರು ಬಗೆಯಾಗಿದೆ. ಸುಮಾರು 1025ರಲ್ಲಿ ರಚಿತವಾದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕವಿದ್ಯೆಗೆ ಒಂದು ಭಾಗವೇ ಮೀಸಲಾಗಿದೆ, ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪ್ರತ್ಯೇಕ ಗ್ರಂಥವನ್ನೇ ಕನ್ನಡದಲ್ಲಿ ಬರೆದನು. ಅಡುಗೆಯನ್ನು ಶಾಸ್ತ್ರವೆಂದು ಗೌರವಿಸಿದ ಭಾಷೆಯಲ್ಲಿ ಆಹಾರಮೌಲ್ಯದ ವಿಚಾರವು ಹೊಸದೇನೂ ಅಲ್ಲ. ಹೊಸದಾಗಿರುವುದು ಡಬ್ಬಿ.

ಇಂದು ಸ್ನೇಹವೂ ಡಬ್ಬಿಯಲ್ಲಿ ಬರುತ್ತದೆ, ಶಾಕವೂ ಡಬ್ಬಿಯಲ್ಲಿ ಬರುತ್ತದೆ. ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಈಗ ಹುಬ್ಬಳ್ಳಿ-ಧಾರವಾಡ ಮಹಾನಗರದೊಳಗೆ ಸೇರಿಹೋಗಿರುವ ಗೋಪನಕೊಪ್ಪದಂತಹ ಊರಿನ ಅಂಗಡಿಯಲ್ಲಿಯೂ ವನಸ್ಪತಿ, ತಾಳೆ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳು ಸಾಲುಗಟ್ಟಿ ನಿಂತಿರುತ್ತವೆ. ಪೇಟೆಯ ದೊಡ್ಡ ಅಂಗಡಿಗಳಲ್ಲಿ ಬಟಾಣಿ, ಅಣಬೆ, ಎಳೆಯ ಮೆಕ್ಕೆತೆನೆಗಳ ಡಬ್ಬಿಗಳೂ ಸಿಕ್ಕುತ್ತವೆ. ಮಠಗಳ ಪ್ರಸಾದನಿಲಯಗಳಿಗೆ ದಾಸೋಹಕ್ಕೆಂದು ಭಕ್ತರು ನೀಡುವ ಪದಾರ್ಥಗಳಲ್ಲಿ ಎಣ್ಣೆಯ ಡಬ್ಬಿಗೆ ಮೊದಲಿನಿಂದಲೂ ಒಂದು ಸ್ಥಾನವಿದೆ. ಕೊಡುವವರ ಭಾವ ಶುದ್ಧವಾದುದು. ಆದರೆ ಕೊಟ್ಟದ್ದು ಬೆಳೆಯುವ ಮಕ್ಕಳ ಮೈಗೆ ಹೇಗೆ ಹತ್ತುತ್ತದೆ ಎಂಬುದನ್ನು ಅರಿತು ಕೊಟ್ಟರೆ ಆ ದಾನವು ಸಾರ್ಥಕವಾಗುತ್ತದೆ. ಪ್ರಕೃತ ಲೇಖನದ ಉದ್ದೇಶವು ಇಷ್ಟೇ.

ಹೋಲಿಕೆಯ ಅಳತೆಗೋಲು

ಎರಡು ಪದಾರ್ಥಗಳನ್ನು ಹೋಲಿಸುವ ಮೊದಲು ಯಾವ ಅಳತೆಯಿಂದ ಹೋಲಿಸಬೇಕೆಂಬುದನ್ನು ನಿರ್ಣಯಿಸಬೇಕು. ಅಳತೆ ತಪ್ಪಿದರೆ ಸತ್ಯವಾದ ಅಂಕಿಗಳಿಂದಲೂ ತಪ್ಪಾದ ತೀರ್ಮಾನವೇ ಹುಟ್ಟುತ್ತದೆ.

ಒಂದು ಗ್ರಾಂ ಕೊಬ್ಬು 9 ಕ್ಯಾಲೊರಿ ಶಕ್ತಿಯನ್ನು ಕೊಡುತ್ತದೆ. ಒಂದು ಗ್ರಾಂ ಸಸಾರಜನಕವಾಗಲಿ ಶರ್ಕರಪಿಷ್ಟವಾಗಲಿ ಕೊಡುವುದು 4 ಕ್ಯಾಲೊರಿ ಮಾತ್ರ. ಹೀಗಾಗಿ 100 ಗ್ರಾಂ ಎಣ್ಣೆಯಲ್ಲಿ ಸುಮಾರು 900 ಕ್ಯಾಲೊರಿಗಳಿದ್ದರೆ, ಡಬ್ಬಿಯಿಂದ ಸೋಸಿ ತೆಗೆದ 100 ಗ್ರಾಂ ಬಟಾಣಿಯಲ್ಲಿ ಸುಮಾರು 70, ಅಷ್ಟೇ ತೂಕದ ಸೊಪ್ಪಿನಲ್ಲಿ ಅದಕ್ಕಿಂತಲೂ ಕಡಿಮೆ. ಈ ಒಂದೇ ಸಾಲನ್ನು ಓದಿದವನು ಎಣ್ಣೆಯೇ ಹನ್ನೆರಡು ಪಟ್ಟು ಶ್ರೇಷ್ಠವೆಂದು ಹೇಳಿಯಾನು. ಆದರೆ ಅದೇ 100 ಗ್ರಾಂ ಎಣ್ಣೆಯಲ್ಲಿ ‘ಸಿ’ ಜೀವಸತ್ವವಿಲ್ಲ, ನಾರಿಲ್ಲ, ಸಸಾರಜನಕವಿಲ್ಲ. ಕಬ್ಬಿಣ, ಸುಣ್ಣಗಳು ಇಲ್ಲವೆಂಬಷ್ಟು ಕಡಿಮೆ. ಈ ಸಾಲನ್ನಷ್ಟೇ ಓದಿದವನು ಎಣ್ಣೆ ನಿಸ್ಸಾರವೆಂದಾನು. ಎರಡೂ ಅರ್ಧಸತ್ಯಗಳು. ಎಣ್ಣೆಯ ಕೆಲಸ ಶಕ್ತಿಯನ್ನು ಕೊಡುವುದು, ಮೈ ತಾನಾಗಿ ತಯಾರಿಸಿಕೊಳ್ಳಲಾರದ ಕೆಲವು ಮೇದಾಮ್ಲಗಳನ್ನು ಒದಗಿಸುವುದು. ತರಕಾರಿಯ ಕೆಲಸ ಜೀವಸತ್ವ, ಖನಿಜ, ನಾರುಗಳನ್ನು ಒದಗಿಸುವುದು. ಎತ್ತಿಗೂ ಬಂಡಿಗೂ ಪಂದ್ಯ ಹೂಡುವುದು ಹೇಗೆ ಯುಕ್ತವಲ್ಲವೋ ಹಾಗೆಯೇ ಇವೆರಡರಲ್ಲಿ ಯಾವುದು ಮೇಲೆಂದು ಕೇಳುವುದೂ ಯುಕ್ತವಲ್ಲ.

ಆದುದರಿಂದ ಹೋಲಿಕೆಯನ್ನು ಮೂರು ರೀತಿಯಲ್ಲಿ ನಡೆಸಬೇಕಾಗುತ್ತದೆ. ಎಣ್ಣೆಯನ್ನು ಎಣ್ಣೆಯೊಡನೆ, ತರಕಾರಿಯನ್ನು ತರಕಾರಿಯೊಡನೆ ಹೋಲಿಸುವುದು ಮೊದಲನೆಯದು. ಪದಾರ್ಥವು ಹೊಲದಿಂದ ತಾಟಿಗೆ ಬರುವ ದಾರಿಯಲ್ಲಿ ಏನನ್ನು ಕಳೆದುಕೊಂಡಿತು, ಏನನ್ನು ಸೇರಿಸಿಕೊಂಡಿತು ಎಂದು ನೋಡುವುದು ಎರಡನೆಯದು. ಒಂದೇ ತಾಟಿನಲ್ಲಿ ಸೇರಿದಾಗ ಸ್ನೇಹ ಮತ್ತು ಶಾಕಗಳು ಒಂದಕ್ಕೊಂದು ಏನು ಉಪಕಾರ ಮಾಡುತ್ತವೆ ಎಂದು ವಿಚಾರಿಸುವುದು ಮೂರನೆಯದು.

ಡಬ್ಬಿಯ ತರಕಾರಿ

ಆಹಾರವನ್ನು ಕೆಡದಂತೆ ಇಡುವ ವಿದ್ಯೆ ಈ ನಾಡಿಗೆ ಹಳೆಯದು. ಉಪ್ಪಿನಕಾಯಿ, ಸಂಡಿಗೆ, ಮಜ್ಜಿಗೆ-ಉಪ್ಪಿನಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ, ಬಿಸಿಲಿಗೆ ಒಣಹಾಕಿದ ಚವಳಿಕಾಯಿ ಇವೆಲ್ಲ ಅದೇ ವಿದ್ಯೆಯ ಫಲಗಳು. ನೀರನ್ನು ತೆಗೆದು ಅಥವಾ ಉಪ್ಪು-ಹುಳಿಗಳನ್ನು ಸೇರಿಸಿ ಸೂಕ್ಷ್ಮಜೀವಿಗಳನ್ನು ತಡೆಯುವುದು ಇವುಗಳ ತತ್ವ. ಡಬ್ಬಿಯ ತತ್ವ ಬೇರೆ. ಫ್ರಾನ್ಸಿನ ನಿಕೊಲಾ ಅಪೇರ್ ಎಂಬಾತನು ಆಹಾರವನ್ನು ಗಾಜಿನ ಪಾತ್ರೆಯಲ್ಲಿ ತುಂಬಿ, ಗಾಳಿಯಾಡದಂತೆ ಬಿಗಿದು, ಕುದಿಯುವ ನೀರಿನಲ್ಲಿಟ್ಟು ಕಾಯಿಸಿದರೆ ಬಹುಕಾಲ ಕೆಡುವುದಿಲ್ಲವೆಂದು ತೋರಿಸಿ, 1810ರಲ್ಲಿ ಅಲ್ಲಿನ ಸರಕಾರದಿಂದ 12,000 ಫ್ರಾಂಕುಗಳ ಬಹುಮಾನ ಪಡೆದನು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡನು ತವರ ಬಳಿದ ಕಬ್ಬಿಣದ ಡಬ್ಬಿಗೆ ಹಕ್ಕುಪತ್ರ ಪಡೆದನು. ಹೀಗೆ ಕಾಯಿಸಿದರೆ ಆಹಾರ ಏಕೆ ಕೆಡುವುದಿಲ್ಲವೆಂಬ ಕಾರಣವು ಅರ್ಧ ಶತಮಾನದ ಬಳಿಕ ಲೂಯಿ ಪಾಶ್ಚರನ ಶೋಧನೆಗಳಿಂದ ಬೆಳಕಿಗೆ ಬಂದಿತು. ಡಬ್ಬಿಯನ್ನು ಬಯಸಿದವರು ಯಾರೆಂಬುದು ಗಮನಾರ್ಹ: ದಂಡಿನಲ್ಲಿದ್ದ ಸೈನಿಕರು ಮತ್ತು ಹಡಗಿನಲ್ಲಿದ್ದ ನಾವಿಕರು. ತಾಜಾ ತರಕಾರಿ ದೊರೆಯದ ಸ್ಥಳಕ್ಕಾಗಿ ಹುಟ್ಟಿದ ಉಪಾಯವಿದು. ಕರ್ನಾಟಕದಲ್ಲಿಯೂ ಆಹಾರ ಸಂರಕ್ಷಣೆಯ ವಿದ್ಯೆಗೆ ಎರಡು ಕೇಂದ್ರಗಳಿವೆ, ಎರಡೂ ಮೈಸೂರಿನಲ್ಲಿವೆ. 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಜನಸಾಮಾನ್ಯರಿಗಾಗಿ, 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವೆಂಬ ಹೆಸರಿನಿಂದ ಸ್ಥಾಪಿತವಾದ ಸಂಸ್ಥೆಯು ಸೈನಿಕರಿಗಾಗಿ ದುಡಿಯುತ್ತ ಬಂದಿವೆ.

ಹುಳಿಯಿಲ್ಲದ ತರಕಾರಿಗೆ ಕುದಿನೀರಿನ ಶಾಖ ಸಾಲದು. ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಕುದಿನೀರನ್ನೂ ಸಹಿಸಿಕೊಂಡು, ಗಾಳಿಯಿಲ್ಲದ ಡಬ್ಬಿಯೊಳಗೆ ಮೊಳೆತು ಘೋರವಾದ ವಿಷವನ್ನು ಉಂಟುಮಾಡಬಲ್ಲವು. ಆದುದರಿಂದ ಬಟಾಣಿ, ಹುರುಳಿಕಾಯಿ, ಅಣಬೆ ಮೊದಲಾದವನ್ನು ಒತ್ತಡದ ಉಗಿಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಒಯ್ಯುತ್ತಾರೆ. ಜೀವವನ್ನು ಕಾಯುವ ಈ ಶಾಖವೇ ಕೆಲವು ಜೀವಸತ್ವಗಳನ್ನು ಕುಂದಿಸುತ್ತದೆ.

ನಷ್ಟ ಎಷ್ಟು? ಹಸಿ ಬಟಾಣಿಯ 100 ಗ್ರಾಂನಲ್ಲಿ ಸುಮಾರು 40 ಮಿಲಿಗ್ರಾಂ ‘ಸಿ’ ಜೀವಸತ್ವವಿದ್ದರೆ, ಡಬ್ಬಿಯದರಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ ಇರುತ್ತದೆಂದು ಅಮೆರಿಕಾದ ಕೃಷಿ ಇಲಾಖೆಯ ಆಹಾರ ಕೋಷ್ಟಕ ತಿಳಿಸುತ್ತದೆ. ಮುಕ್ಕಾಲು ಪಾಲು ಹೋಯಿತೆಂದು ಯಾರಾದರೂ ಗಾಬರಿಯಾಗಬಹುದು. ಆದರೆ ಡಬ್ಬಿಯ ಬಟಾಣಿ ಆಗಲೇ ಬೆಂದದ್ದು. ಅದನ್ನು ಮನೆಯಲ್ಲಿ ಬೇಯಿಸಿ ನೀರು ಬಸಿದ ಬಟಾಣಿಯೊಡನೆ ಹೋಲಿಸುವುದು ನ್ಯಾಯ. ಅದರಲ್ಲಿ ಉಳಿಯುವುದೂ ಸುಮಾರು 14 ಮಿಲಿಗ್ರಾಂ ಮಾತ್ರ. ಅಂದರೆ ಹೆಚ್ಚಿನ ನಷ್ಟ ಬೆಂಕಿ ಮತ್ತು ನೀರಿನದು, ಡಬ್ಬಿಯದಷ್ಟೇ ಅಲ್ಲ. ‘ಸಿ’ ಮತ್ತು ‘ಬಿ’ ಗುಂಪಿನ ಜೀವಸತ್ವಗಳು ನೀರಿನಲ್ಲಿ ಕರಗುವಂಥವು. ಬೇಯಿಸಿದ ನೀರನ್ನು ಚೆಲ್ಲುವ ಅಡುಗೆಮನೆಯು ಡಬ್ಬಿಯ ಕಾರಖಾನೆಗಿಂತ ಬಹಳ ಮೇಲಾದುದೇನಲ್ಲ. ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟನ್ನು ಚೆಲ್ಲದೆ ಕಟ್ಟಿನ ಸಾರು ಮಾಡುವ ಈ ಭಾಗದ ತಾಯಂದಿರು ಜೀವಸತ್ವದ ಹೆಸರು ಕೇಳುವ ಮೊದಲೇ ಅದರ ರಕ್ಷಣೆಯನ್ನು ಕಲಿತಿದ್ದರು.

ನಾರು, ಬಹುಪಾಲು ಖನಿಜಗಳು, ಗಜ್ಜರಿಯ ಹಳದಿ ಬಣ್ಣಕ್ಕೆ ಕಾರಣವಾದ ಕ್ಯಾರೊಟಿನ್ ಇವು ಡಬ್ಬಿಯಲ್ಲಿ ಸಾಕಷ್ಟು ಉಳಿಯುತ್ತವೆ. ಟೊಮ್ಯಾಟೊದ ಕೆಂಪು ಬಣ್ಣದ ಲೈಕೊಪೀನ್ ಕಾಯಿಸಿದ ಬಳಿಕವೇ ಮೈಗೆ ಹೆಚ್ಚು ಸುಲಭವಾಗಿ ಸೇರುತ್ತದೆ. ಆದುದರಿಂದ ಡಬ್ಬಿಯ ತರಕಾರಿಯನ್ನು ವಿಷವೆಂದು ಹಳಿಯುವುದು ಸರಿಯಲ್ಲ. ಅದರ ನಿಜವಾದ ದೋಷಗಳು ಎರಡು. ಮೊದಲನೆಯದು ಉಪ್ಪು. ಹಸಿ ಬಟಾಣಿಯ 100 ಗ್ರಾಂನಲ್ಲಿ ಸೋಡಿಯಂ ಸುಮಾರು 5 ಮಿಲಿಗ್ರಾಂ. ಉಪ್ಪುನೀರಿನ ಡಬ್ಬಿಯದರಲ್ಲಿ ಸುಮಾರು 250 ಮಿಲಿಗ್ರಾಂ. ನೀರನ್ನು ಬಸಿದು ತೊಳೆದರೆ ಇದರಲ್ಲಿ ಒಂದಿಷ್ಟು ಪಾಲು ಇಳಿಯುತ್ತದೆ. ಆದರೆ ಕರಗಿದ ಜೀವಸತ್ವವೂ ಅದೇ ನೀರಿನೊಡನೆ ಹೊರಟುಹೋಗುತ್ತದೆ. ಎರಡನೆಯದು ತೂಕ. ಡಬ್ಬಿಯ ಮೇಲೆ ನಿವ್ವಳ ತೂಕ, ಸೋಸಿದ ತೂಕ ಎಂದು ಎರಡು ಬಗೆಯ ತೂಕಗಳಿರುತ್ತವೆ. 800 ಗ್ರಾಂ ಡಬ್ಬಿಯಲ್ಲಿ ಬಟಾಣಿಯ ತೂಕ 440 ಗ್ರಾಂ ಎಂದಿದ್ದರೆ ಉಳಿದದ್ದು ಉಪ್ಪುನೀರು. ಅದಕ್ಕೂ ಹಣ ಸಲ್ಲುತ್ತದೆ.

ಎಣ್ಣೆ, ತುಪ್ಪ, ವನಸ್ಪತಿ

ಇನ್ನು ಸ್ನೇಹದ ವಿಚಾರ. ತುಪ್ಪವಾಗಲಿ ಎಣ್ಣೆಯಾಗಲಿ ವನಸ್ಪತಿಯಾಗಲಿ ಶಕ್ತಿಯ ಲೆಕ್ಕದಲ್ಲಿ ಬಹುತೇಕ ಸಮಾನ. ಬೆಣ್ಣೆಯಲ್ಲಿ ಮಾತ್ರ ಸುಮಾರು ಶೇಕಡಾ 80 ಕೊಬ್ಬಿದ್ದು ಉಳಿದುದರಲ್ಲಿ ಹೆಚ್ಚಿನದು ನೀರಾದುದರಿಂದ ಅದರ ಶಕ್ತಿ ತುಸು ಕಡಿಮೆ. ಇವುಗಳ ಭೇದವಿರುವುದು ಮೇದಾಮ್ಲಗಳಲ್ಲಿ. ಮೇದಾಮ್ಲದ ಸರಪಳಿಯಲ್ಲಿ ಜಲಜನಕವು ಪೂರ್ತಿ ತುಂಬಿದ್ದರೆ ಅದು ಸಂತೃಪ್ತ. ಒಂದು ಕಡೆ ತೆರಪಿದ್ದರೆ ಏಕ-ಅಸಂತೃಪ್ತ. ಹಲವು ಕಡೆ ತೆರಪಿದ್ದರೆ ಬಹು-ಅಸಂತೃಪ್ತ. ಸಂತೃಪ್ತವಾದುದು ಗಟ್ಟಿಯಾಗುತ್ತದೆ, ಅಸಂತೃಪ್ತವಾದುದು ಹರಿಯುತ್ತದೆ. ಧನುರ್ಮಾಸದ ಚಳಿಯಲ್ಲಿ ತುಪ್ಪ ಹೆಪ್ಪುಗಟ್ಟಿದರೂ ಕುಸುಬೆ ಎಣ್ಣೆ ಹರಿಯುತ್ತಿರುವುದಕ್ಕೆ ಕಾರಣ ಇದೇ.

ಸಾಮಾನ್ಯವಾಗಿ ಬಳಸುವ ಜಿಡ್ಡುಗಳ ಸ್ಥೂಲವಾದ ಪ್ರಮಾಣಗಳು ಹೀಗಿವೆ. ಎಲ್ಲವೂ ನೂರರ ಲೆಕ್ಕದಲ್ಲಿ:

ತುಪ್ಪ — ಸಂತೃಪ್ತ 60ರಿಂದ 65. ಏಕ-ಅಸಂತೃಪ್ತ 25ರಿಂದ 30. ಬಹು-ಅಸಂತೃಪ್ತ 4ರ ಆಸುಪಾಸು.
ಕೊಬ್ಬರಿ ಎಣ್ಣೆ — ಸಂತೃಪ್ತ ಸುಮಾರು 90; ಉಳಿದವೆರಡೂ ಅಲ್ಪ.
ತಾಳೆ ಎಣ್ಣೆ — ಸಂತೃಪ್ತ ಸುಮಾರು 50, ಏಕ-ಅಸಂತೃಪ್ತ 40, ಬಹು-ಅಸಂತೃಪ್ತ 10.
ಶೇಂಗಾ ಎಣ್ಣೆ — ಸಂತೃಪ್ತ 17ರಿಂದ 20. ಏಕ-ಅಸಂತೃಪ್ತ 45ರಿಂದ 50. ಬಹು-ಅಸಂತೃಪ್ತ 30ರ ಆಸುಪಾಸು.
ಎಳ್ಳೆಣ್ಣೆ — ಸಂತೃಪ್ತ ಸುಮಾರು 15. ಉಳಿದವೆರಡೂ 40ರ ಆಸುಪಾಸು.
ಕುಸುಬೆ ಎಣ್ಣೆ — ಸಂತೃಪ್ತ ಸುಮಾರು 10, ಏಕ-ಅಸಂತೃಪ್ತ 15, ಬಹು-ಅಸಂತೃಪ್ತ 75.

ಸಂತೃಪ್ತ ಕೊಬ್ಬು ಮಿತಿಮೀರಿದರೆ ರಕ್ತದಲ್ಲಿ ಕೊಲೆಸ್ಟರಾಲ್ ಏರುತ್ತದೆ. ಬಹು-ಅಸಂತೃಪ್ತಗಳಲ್ಲಿ ಲಿನೊಲಿಯಿಕ್ ಮತ್ತು ಲಿನೊಲೆನಿಕ್ ಎಂಬ ಎರಡು ಆಮ್ಲಗಳನ್ನು ಮೈ ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಕೆಲವು ಮೇದಾಮ್ಲಗಳು ಹೀಗೆ ಅತ್ಯಾವಶ್ಯಕವೆಂಬುದನ್ನು 1929ರಲ್ಲಿ ಅಮೆರಿಕಾದ ಬರ್ ದಂಪತಿಗಳು ತೋರಿಸಿಕೊಟ್ಟರು. ಕುಸುಬೆಯಲ್ಲಿ ಲಿನೊಲಿಯಿಕ್ ಹೇರಳ. ಅಗಸೆಯ ಎಣ್ಣೆಯಲ್ಲಿ ಅರ್ಧಕ್ಕೂ ಮಿಕ್ಕಿ ಇರುವುದು ಲಿನೊಲೆನಿಕ್. ತುಪ್ಪದಲ್ಲಿ ಇವೆರಡೂ ಕಡಿಮೆ. ಆದರೆ ಸಹಜವಾದ ‘ಎ’ ಜೀವಸತ್ವವುಂಟು. ಒಂದೇ ಜಿಡ್ಡಿನಲ್ಲಿ ಎಲ್ಲ ಗುಣಗಳೂ ಕೂಡಿ ಬರುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ವನಸ್ಪತಿಯ ಕಥೆ ಬೇರೆ. ಹರಿಯುವ ಎಣ್ಣೆಗೆ ನಿಕ್ಕಲ್ ಲೋಹದ ಸಾನ್ನಿಧ್ಯದಲ್ಲಿ ಜಲಜನಕವನ್ನು ಹಾಯಿಸಿ ಗಟ್ಟಿಗೊಳಿಸುವ ವಿಧಾನಕ್ಕೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಹಕ್ಕುಪತ್ರ ಪಡೆದನು. ಭಾರತದಲ್ಲಿ 1937ರಲ್ಲಿ ಡಾಲ್ಡಾ ಎಂಬ ಹೆಸರಿನಿಂದ ಪೇಟೆಗೆ ಬಂದ ವನಸ್ಪತಿಯು ತುಪ್ಪದಂತೆ ಹರಳುಗಟ್ಟುತ್ತಿತ್ತು, ತುಪ್ಪಕ್ಕಿಂತ ಅಗ್ಗವಾಗಿತ್ತು. ತುಪ್ಪದ ಕಲಬೆರಕೆಗೆ ಇದಕ್ಕಿಂತ ಅನುಕೂಲವಾದ ವಸ್ತು ಮತ್ತೊಂದಿರಲಿಲ್ಲ. ಅದಕ್ಕಾಗಿ ಪ್ರತಿಯೊಂದು ವನಸ್ಪತಿಯಲ್ಲಿಯೂ ಶೇಕಡಾ 5ರಷ್ಟು ಎಳ್ಳೆಣ್ಣೆಯನ್ನು ಸೇರಿಸಬೇಕೆಂಬ ನಿಯಮ ಬಂದಿತು. ಎಳ್ಳೆಣ್ಣೆಯಿದ್ದರೆ ಒಂದು ರಾಸಾಯನಿಕ ಪರೀಕ್ಷೆಯಲ್ಲಿ ಕೆಂಪು ಬಣ್ಣ ತೋರುತ್ತದೆ. ತುಪ್ಪಕ್ಕೆ ವನಸ್ಪತಿ ಬೆರೆಸಿದವನು ಕೂಡಲೇ ಸಿಕ್ಕಿಬೀಳುತ್ತಾನೆ. ಎಣ್ಣೆಗೆ ಹೆಸರು ಕೊಟ್ಟ ಎಳ್ಳೇ ತುಪ್ಪದ ಪರವಾಗಿ ಸಾಕ್ಷಿ ನುಡಿಯುವಂತಾಯಿತು.

ಆದರೆ ಆ ಪರೀಕ್ಷೆಗೆ ಸಿಕ್ಕದ ದೋಷವೊಂದಿತ್ತು. ಜಲಜನಕವನ್ನು ಅರ್ಧಂಬರ್ಧ ತುಂಬಿದಾಗ ಟ್ರಾನ್ಸ್ ಎಂಬ ವಿಕೃತ ರೂಪದ ಕೊಬ್ಬು ಹುಟ್ಟುತ್ತದೆ. ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ. ಹೃದ್ರೋಗಕ್ಕೆ ನೇರವಾದ ಕಾರಣಗಳಲ್ಲಿ ಒಂದು. ಇದನ್ನು ಆಹಾರದಿಂದ ತೊಲಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಎಲ್ಲ ದೇಶಗಳಿಗೂ ಕರೆಕೊಟ್ಟಿತು. ಭಾರತದಲ್ಲಿ ಎಣ್ಣೆ-ಕೊಬ್ಬುಗಳಲ್ಲಿ ಇದರ ಮಿತಿಯನ್ನು 2021ರ ಜನವರಿಯಿಂದ ಶೇಕಡಾ 3ಕ್ಕೆ, 2022ರ ಜನವರಿಯಿಂದ ಶೇಕಡಾ 2ಕ್ಕೆ ಇಳಿಸಲಾಯಿತು. ದಶಕಗಳ ಕಾಲ ಹಬ್ಬದ ಅಡುಗೆಯ ಹೆಮ್ಮೆಯಾಗಿದ್ದ ಪದಾರ್ಥವನ್ನು ಕಾಯಿದೆಯು ಕೊನೆಗೂ ಕಟ್ಟುನಿಟ್ಟಿಗೆ ತಂದಿತು. ಆದರೂ ಟ್ರಾನ್ಸ್ ಕಡಿಮೆಯಾದ ಮಾತ್ರಕ್ಕೆ ವನಸ್ಪತಿಯು ಪೋಷಕವಾಗುವುದಿಲ್ಲ. ಗಟ್ಟಿಯಾಗಿರಬೇಕಾದರೆ ಅದರಲ್ಲಿ ಸಂತೃಪ್ತ ಕೊಬ್ಬು ಇರಲೇಬೇಕು.

ಕರಿನೆಲದ ಕೊಡುಗೆ

ಹುಬ್ಬಳ್ಳಿ-ಧಾರವಾಡದ ಸುತ್ತಣ ಕರಿನೆಲವು ಸ್ನೇಹದ ತವರು. ಹಿಂಗಾರಿಯಲ್ಲಿ ಜೋಳ, ಕಡಲೆಗಳ ನಡುವೆ ಅಕ್ಕಡಿ ಸಾಲಾಗಿಯೂ, ದನಗಳು ನುಗ್ಗದಂತೆ ಹೊಲದ ಅಂಚಿಗೆ ಮುಳ್ಳಿನ ಬೇಲಿಯಾಗಿಯೂ ಕುಸುಬೆಯನ್ನು ಬಿತ್ತುವುದು ಇಲ್ಲಿಯ ಹಳೆಯ ರೂಢಿ. ಮಣ್ಣಿನಾಳದ ಪಸಿಯನ್ನೇ ನಂಬಿ ಬೆಳೆಯುವ ಈ ಗಿಡಕ್ಕೆ ಹೆಚ್ಚಿನ ಆರೈಕೆ ಬೇಡ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ‘ಅಣ್ಣಿಗೇರಿ-1’ ಎಂಬ ಕುಸುಬೆ ತಳಿಯು ಹೆಸರುವಾಸಿಯಾದುದು. ಕುಸುಬೆಯ ಎಳೆಯ ಎಲೆ ಪಲ್ಯಕ್ಕೆ ಬರುತ್ತದೆ. ಬೀಜವನ್ನು ರುಬ್ಬಿ ತೆಗೆದ ಹಾಲು ಹುಗ್ಗಿಗೆ ಬರುತ್ತದೆ. ಹಿಂಡಿದರೆ ಎಣ್ಣೆ ಬರುತ್ತದೆ. ಒಂದೇ ಗಿಡದಲ್ಲಿ ಶಾಕವೂ ಉಂಟು, ಸ್ನೇಹವೂ ಉಂಟು. ಆದರೆ ಕುಸುಬೆಯ ಬಿತ್ತನೆ ಈಚಿನ ದಶಕಗಳಲ್ಲಿ ಬಹಳ ಕುಗ್ಗಿದೆ. ದೇಶವು ತನಗೆ ಬೇಕಾದ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದೆ. ಅದರಲ್ಲಿ ತಾಳೆ ಎಣ್ಣೆಯದೇ ದೊಡ್ಡ ಪಾಲು.

ಈ ಭಾಗದ ಊಟದಲ್ಲಿ ಗಮನಿಸಬೇಕಾದ ಮತ್ತೊಂದು ವಿಶೇಷವೆಂದರೆ ಎಣ್ಣೆಕಾಳುಗಳನ್ನು ಇಡಿಯಾಗಿ ತಿನ್ನುವ ಪದ್ಧತಿ. ಜೋಳದ ರೊಟ್ಟಿಯ ಮಗ್ಗುಲಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಅಗಸೆ ಚಟ್ನಿ ಇಲ್ಲದಿದ್ದರೆ ಊಟ ಪೂರ್ಣವಾಗದು. ‘ಹಿಂಡಿ’ ಎಂಬ ಶಬ್ದವು ಇಲ್ಲಿ ಎರಡು ಅರ್ಥಗಳಲ್ಲಿ ನಡೆಯುತ್ತದೆ. ಕುಟ್ಟಿದ ಚಟ್ನಿಯೂ ಹಿಂಡಿ. ಗಾಣದಲ್ಲಿ ಎಣ್ಣೆ ತೆಗೆದು ಉಳಿದು ದನದ ಮುಂದೆ ಬೀಳುವುದೂ ಹಿಂಡಿ. ಶೇಂಗಾಕಾಳಿನಲ್ಲಿ ನೂರಕ್ಕೆ ಸುಮಾರು 25ರಷ್ಟು ಸಸಾರಜನಕವಿದೆ. ಎಣ್ಣೆ ತೆಗೆದಾಗ ಅದರಲ್ಲಿ ಒಂದು ಕಣವೂ ಎಣ್ಣೆಯೊಡನೆ ಬರುವುದಿಲ್ಲ. ಎಲ್ಲವೂ ಹಿಂಡಿಯಲ್ಲಿ ಉಳಿಯುತ್ತದೆ. ಎಣ್ಣೆಯನ್ನಷ್ಟೇ ತಿಂದ ಮಗುವಿಗೆ ಶಕ್ತಿ ಸಿಕ್ಕಿತು, ಮೈಕಟ್ಟುವ ದ್ರವ್ಯವು ದನಕ್ಕೆ ಹೋಯಿತು. ಶೇಂಗಾ ಹಿಂಡಿಯನ್ನು ತಿಂದ ಮಗುವಿಗೆ ಎರಡೂ ದೊರಕಿದವು. ಸಿಪ್ಪೆಸಹಿತವಾದ 100 ಗ್ರಾಂ ಎಳ್ಳಿನಲ್ಲಿ ಸಾವಿರ ಮಿಲಿಗ್ರಾಂಗೂ ಮಿಕ್ಕಿ ಸುಣ್ಣದಂಶವಿದೆ. ಎಳ್ಳೆಣ್ಣೆಯಲ್ಲಿ ಅದು ಇಲ್ಲ.

ಈ ತತ್ವವನ್ನು ವಿಜ್ಞಾನವೂ ಬಳಸಿಕೊಂಡಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು, ಅದರ ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ, ಎಣ್ಣೆ ತೆಗೆದ ಶೇಂಗಾ ಹಿಟ್ಟಿಗೆ ಕಡಲೆ ಹಿಟ್ಟನ್ನು ಬೆರೆಸಿ, ಜೀವಸತ್ವ-ಖನಿಜಗಳನ್ನು ಸೇರಿಸಿ ಬಹೂಪಯೋಗಿ ಆಹಾರವೊಂದನ್ನು ಸಿದ್ಧಪಡಿಸಿತು. ಆದರೆ ಒಂದು ಎಚ್ಚರಿಕೆ ಅವಶ್ಯಕ. ಶೇಂಗಾ ತೇವಗೊಂಡು ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿಯನ್ನು ತಿಂದ ಟರ್ಕಿ ಕೋಳಿಗಳು ಗುಂಪುಗುಂಪಾಗಿ ಸತ್ತಾಗ ಈ ವಿಷ ಪತ್ತೆಯಾಯಿತು. ಬೂಷ್ಟು ಹಿಡಿದ ಕಾಳನ್ನು ಹುರಿದರೂ ಕುಟ್ಟಿದರೂ ದೋಷ ಪೂರ್ತಿ ಹೋಗುವುದಿಲ್ಲ. ಆರಿಸಿ ಎಸೆಯುವುದೇ ದಾರಿ.

ಸ್ನೇಹವಿಲ್ಲದ ಶಾಕ

ಈಗ ಮೂರನೆಯ ಮತ್ತು ಮುಖ್ಯವಾದ ಪ್ರಶ್ನೆ. ಹಸಿರು ಸೊಪ್ಪು, ಗಜ್ಜರಿ, ಕುಂಬಳಗಳಲ್ಲಿರುವ ಕ್ಯಾರೊಟಿನ್ ಮೈಯೊಳಗೆ ‘ಎ’ ಜೀವಸತ್ವವಾಗಿ ಮಾರ್ಪಡುತ್ತದೆ. ಈ ಜೀವಸತ್ವ ಸಾಲದಿದ್ದರೆ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ. ಕೊರತೆ ತೀವ್ರವಾದರೆ ಕಣ್ಣೇ ಹೋಗುತ್ತದೆ. ಈ ಕಾರಣದಿಂದಲೇ 1970ರಲ್ಲಿ ಭಾರತ ಸರಕಾರವು ಚಿಕ್ಕ ಮಕ್ಕಳಿಗೆ ‘ಎ’ ಜೀವಸತ್ವದ ದೊಡ್ಡ ಪ್ರಮಾಣವನ್ನು ಕುಡಿಸುವ ಯೋಜನೆಯನ್ನು ಆರಂಭಿಸಿತು. ಕ್ಯಾರೊಟಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಜಿಡ್ಡಿಲ್ಲದ ಊಟದಲ್ಲಿ ಸೊಪ್ಪನ್ನು ಎಷ್ಟು ತಿಂದರೂ ಅದರ ಬಹುಪಾಲು ಕ್ಯಾರೊಟಿನ್ ಕರುಳನ್ನು ದಾಟಿ ವ್ಯರ್ಥವಾಗುತ್ತದೆ. ಒಂದು ಚಮಚದಷ್ಟು ಎಣ್ಣೆ ಸೇರಿದರೆ ಅದು ಮೈಗೆ ಹತ್ತುತ್ತದೆ. ‘ಡಿ’, ‘ಇ’, ‘ಕೆ’ ಜೀವಸತ್ವಗಳೂ ಇದೇ ಸ್ವಭಾವದವು.

ಸೊಪ್ಪಿಗೆ ಒಗ್ಗರಣೆ ಏಕೆ, ಕೋಸಂಬರಿಗೆ ಮೇಲಿಂದ ಎಣ್ಣೆಯೇಕೆ, ಹಸಿ ಹಕ್ಕರಿಕೆ ಸೊಪ್ಪಿನೊಡನೆ ಎಣ್ಣೆ ಕಲಸಿದ ಚಟ್ನಿಯೇಕೆ ಎಂಬ ಪ್ರಶ್ನೆಗಳಿಗೆ ಉತ್ತರ ಇದರಲ್ಲಿದೆ. ಹಸಿ ಸೊಪ್ಪು ‘ಸಿ’ ಜೀವಸತ್ವವನ್ನು ಬೆಂಕಿಗೆ ಕೊಡದೆ ಉಳಿಸಿತು. ಎಣ್ಣೆ ಕ್ಯಾರೊಟಿನ್‌ಗೆ ದಾರಿ ಮಾಡಿತು. ಪುಂಡಿಪಲ್ಯಕ್ಕೆ ಬೀಳುವ ಬೆಳ್ಳುಳ್ಳಿಯ ಒಗ್ಗರಣೆ ಬರಿಯ ರುಚಿಗಷ್ಟೇ ಅಲ್ಲ. ಆದುದರಿಂದ ಸ್ನೇಹ ಮತ್ತು ಶಾಕಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುವುದಕ್ಕಿಂತ ಒಂದೇ ತಾಟಿನಲ್ಲಿಟ್ಟು ನೋಡುವುದೇ ಸರಿಯಾದ ಹೋಲಿಕೆ. ಒಂದು ಇಲ್ಲದಿದ್ದರೆ ಇನ್ನೊಂದರ ಗುಣವೂ ಅರ್ಧವಾಗುತ್ತದೆ.

ಪ್ರಸಾದನಿಲಯದ ಉಗ್ರಾಣಕ್ಕೆ

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿ, 2,000 ಕ್ಯಾಲೊರಿಯ ದಿನದ ಊಟಕ್ಕೆ 400 ಗ್ರಾಂ ತರಕಾರಿ ಮತ್ತು 27 ಗ್ರಾಂ ಎಣ್ಣೆ-ತುಪ್ಪಗಳನ್ನು ಸೂಚಿಸಲಾಗಿದೆ. ನೂರು ವಿದ್ಯಾರ್ಥಿಗಳಿರುವ ಒಂದು ಪ್ರಸಾದನಿಲಯವನ್ನು ಕಲ್ಪಿಸಿಕೊಂಡು ಲೆಕ್ಕ ಹಾಕಿದರೆ ದಿನಕ್ಕೆ ಬೇಕಾಗುವ ಎಣ್ಣೆ 2.7 ಕಿಲೋ, ತರಕಾರಿ 40 ಕಿಲೋ. ಒಬ್ಬ ಭಕ್ತನು ಕೊಟ್ಟ 15 ಕಿಲೋ ಎಣ್ಣೆಯ ಡಬ್ಬಿ ಐದೂವರೆ ದಿನಕ್ಕೆ ಸಾಕು. ಆ 40 ಕಿಲೋ ತರಕಾರಿಯನ್ನು, ಮೇಲೆ ಹೇಳಿದ 440 ಗ್ರಾಂ ಬಟಾಣಿಯುಳ್ಳ ಡಬ್ಬಿಗಳಿಂದಲೇ ಪೂರೈಸಬೇಕಾದರೆ ಒಂದೇ ದಿನಕ್ಕೆ 91 ಡಬ್ಬಿಗಳು ಬೇಕು. ಡಬ್ಬಿಯ ತರಕಾರಿ ಹಡಗಿಗೆ, ಹಿಮದ ಗಡಿಗೆ, ಪ್ರವಾಹದಲ್ಲಿ ಸಿಕ್ಕಿದ ಊರಿಗೆ ಯೋಗ್ಯವಾದುದು. ಮುಂಜಾನೆ ಸುತ್ತಣ ಹಳ್ಳಿಗಳಿಂದ ಸೊಪ್ಪಿನ ಬುಟ್ಟಿಗಳು ಬರುವ ಊರಿಗೆ ಅದು ಬೇಕಿಲ್ಲ.

ಸಾಮಾನ್ಯವಾಗಿ ನಡೆಯುವುದೇನೆಂದರೆ, ಎಣ್ಣೆಯ ಡಬ್ಬಿ ಕೊಡುವುದು ಸುಲಭ, ಕಾಣುವುದಕ್ಕೂ ಭವ್ಯ; ಸೊಪ್ಪು ಕೊಡುವುದು ಕಷ್ಟ, ಅದು ಸಂಜೆಗೆ ಬಾಡುತ್ತದೆ. ಹೀಗಾಗಿ ಉಗ್ರಾಣದಲ್ಲಿ ಸ್ನೇಹ ತುಂಬಿ, ತಾಟಿನಲ್ಲಿ ಶಾಕ ಬಡವಾಗುವ ಸಂಭವವಿದೆ. ಉದಾರಿಗಳಾದ ದಾನಿಗಳೂ ವ್ಯವಸ್ಥಾಪಕರೂ ಲಕ್ಷ್ಯವಿಡಬೇಕಾದ ಕೆಲವು ಸಂಗತಿಗಳು ಇವು:

1. ವನಸ್ಪತಿಗೆ ಬದಲಾಗಿ ಎಣ್ಣೆಯನ್ನೇ ಕೊಡುವುದು ಲೇಸು. ವರ್ಷವಿಡೀ ಒಂದೇ ಎಣ್ಣೆ ಬೇಡ. ಶೇಂಗಾ, ಕುಸುಬೆ, ಎಳ್ಳುಗಳನ್ನು ಸರದಿಯಂತೆ ಬಳಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಪೊಟ್ಟಣದ ಮೇಲೆ ‘+ಎಫ್’ ಎಂಬ ನೀಲಿ ಗುರುತಿದ್ದರೆ ಆ ಎಣ್ಣೆಗೆ ‘ಎ’ ಮತ್ತು ‘ಡಿ’ ಜೀವಸತ್ವಗಳನ್ನು ಸೇರಿಸಲಾಗಿದೆಯೆಂದು ತಿಳಿಯಬೇಕು.

2. ಎಣ್ಣೆಯ ಹಣದಲ್ಲಿ ಒಂದು ಪಾಲನ್ನು ಶೇಂಗಾ, ಎಳ್ಳು, ಗುರೆಳ್ಳು, ಅಗಸೆಗಳ ಕಾಳಿಗೆ ಮೀಸಲಿಟ್ಟರೆ ಮಕ್ಕಳಿಗೆ ಸ್ನೇಹದೊಡನೆ ಸಸಾರಜನಕ, ಸುಣ್ಣಗಳೂ ಲಭಿಸುತ್ತವೆ.

3. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು. ಹಾಗೆ ಕಾಯಿಸಿದಾಗ ಹುಟ್ಟುವ ದೂಷಿತ ದ್ರವ್ಯಗಳು ಶೇಕಡಾ 25ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂದು 2018ರ ಜುಲೈಯಿಂದ ಕಾಯಿದೆಯೇ ಇದೆ. ಕುಸುಬೆಯಂತಹ ಬಹು-ಅಸಂತೃಪ್ತ ಎಣ್ಣೆ ಒಗ್ಗರಣೆಗೆ ಒಳ್ಳೆಯದು, ಕರಿಯುವುದಕ್ಕೆ ತಕ್ಕುದಲ್ಲ. ಮಿರ್ಚಿ-ಬಜಿಯ ಬಾಣಲೆಗೆ ಶೇಂಗಾ ಎಣ್ಣೆ ಮೇಲು.

4. ತರಕಾರಿಗೆ ನಗದು ದೇಣಿಗೆ ಕೊಡುವುದೇ ಉತ್ತಮ. ಆಯಾ ದಿನದ ಸೊಪ್ಪು-ಕಾಯಿಗಳನ್ನು ಆಯಾ ದಿನವೇ ತರಬಹುದು. ಶಾಲೆಯ ಹಿತ್ತಿಲಲ್ಲಿ ನೆಟ್ಟ ನಾಲ್ಕು ನುಗ್ಗೆಯ ಗಿಡಗಳು ಸೊಪ್ಪನ್ನು ವರ್ಷವಿಡೀ ಕೊಡುತ್ತವೆ.

5. ಡಬ್ಬಿಯ ತರಕಾರಿ ಬಂದಲ್ಲಿ ಸೋಸಿದ ತೂಕವನ್ನೂ ತಾರೀಖನ್ನೂ ನೋಡಬೇಕು. ಉಬ್ಬಿದ, ಸೋರುವ ಡಬ್ಬಿಯನ್ನು ರುಚಿ ನೋಡುವುದಕ್ಕೂ ಬಾಯಿಗಿಡಬಾರದು. ತೆರೆದ ಮೇಲೆ ಉಳಿದುದನ್ನು ಡಬ್ಬಿಯಲ್ಲಿ ಬಿಡದೆ ಬೇರೆ ಪಾತ್ರೆಗೆ ಹಾಕಬೇಕು. ಅಡುಗೆಗೆ ಮತ್ತೆ ಉಪ್ಪು ಬೀಳುವ ಮೊದಲು ಡಬ್ಬಿಯ ಉಪ್ಪನ್ನು ಲೆಕ್ಕಕ್ಕೆ ಹಿಡಿಯಬೇಕು.

ಶಿಕ್ಷಕರ ಪಾಲಿಗೂ ಇಲ್ಲಿ ಒಂದು ಕೆಲಸವಿದೆ. ಎಣ್ಣೆಯ ಪೊಟ್ಟಣ, ತರಕಾರಿಯ ಡಬ್ಬಿಗಳ ಮೇಲಿನ ಅಂಕಿಗಳನ್ನು ಓದಿ ಅರ್ಥ ಹೇಳುವ ಅಭ್ಯಾಸವನ್ನು ಮಾಡಿಸಿದರೆ ಗಣಿತ, ವಿಜ್ಞಾನ, ಭಾಷೆ ಮೂರೂ ಒಂದೇ ಪಾಠದಲ್ಲಿ ಸೇರುತ್ತವೆ. ‘ಸಂತೃಪ್ತ’ವೆಂದರೇನು, ‘ನಿವ್ವಳ’ವೆಂದರೇನು ಎಂಬುದನ್ನು ಎಂಟನೆಯ ತರಗತಿಯಲ್ಲಿ ತಿಳಿದ ವಿದ್ಯಾರ್ಥಿಯು ಮುಂದೆ ಗೃಹಸ್ಥನಾಗಿ ಅಂಗಡಿಯ ಮುಂದೆ ನಿಂತಾಗ ಮೋಸಹೋಗುವುದಿಲ್ಲ.

ದಾಸೋಹದಲ್ಲಿ ಹೊಟ್ಟೆ ತುಂಬಿಸುವುದು ಮೊದಲ ಹೆಜ್ಜೆ. ತುಂಬಿದ ಹೊಟ್ಟೆಯಿಂದ ಮೈ ಬಲಿಯುವಂತೆ, ಕಣ್ಣು ಬೆಳಗುವಂತೆ ನೋಡಿಕೊಳ್ಳುವುದು ಎರಡನೆಯದು. ಮೊದಲನೆಯದಕ್ಕೆ ಔದಾರ್ಯ ಸಾಕು. ಎರಡನೆಯದಕ್ಕೆ ಅರಿವೂ ಬೇಕು. ಒಂದು ಹಿಡಿ ಸೊಪ್ಪು, ಅದರ ಮೇಲೆ ಒಂದು ಚಮಚ ಎಣ್ಣೆ, ಪಕ್ಕದಲ್ಲಿ ಒಂದು ಚಿಟಿಕೆ ಗುರೆಳ್ಳು ಚಟ್ನಿ ಇಷ್ಟನ್ನು ದಿನವೂ ತಪ್ಪದೆ ಮಗುವಿನ ತಾಟಿಗೆ ತಲುಪಿಸಿದರೆ ಕೊಟ್ಟವರ ಸ್ನೇಹವು ಎರಡೂ ಅರ್ಥದಲ್ಲಿ ಸಲ್ಲಬೇಕಾದಲ್ಲಿಗೆ ಸಲ್ಲುತ್ತದೆ.